ಕನ್ನಡದಾಗ ಗಪ್ ಕೂಡ್ರೂದು

ಅಮೀರ್‌ಪೇಟ್ ಮೇಲೆ ಮೆಟ್ರೋ ರೈಲು ಓಡಲು ಶುರುವಾದ ಮರುವರ್ಷ, ಅಂದರೆ 2018ರಲ್ಲಿ, ನಾನು ಹೈದರಾಬಾದಿನ ರಕ್ಷಣಾ ವಲಯದ ಒಂದು ಸರಕಾರಿ ಕಾರ್ಖಾನೆಯ ಅಕೌಸ್ಟಿಕ್ಸ್ ಲ್ಯಾಬಿನಿಂದ ನಿವೃತ್ತಳಾಗಿ ಮನೆಯಲ್ಲಿದ್ದೆ. ಅಕೌಸ್ಟಿಕ್ಸ್ ಎಂದರೆ ಸದ್ದಿನ ಶಾಸ್ತ್ರ. ಟ್ಯಾಂಕಿನ ಹೊಟ್ಟೆಯೊಳಗೆ ಕೂತ ಸೈನಿಕನಿಗೆ ಇಂಜಿನ್ನಿನ ಅಬ್ಬರದ ನಡುವೆಯೂ ವೈರ್‌ಲೆಸ್ಸಿನ ಮಾತು ಸ್ಪಷ್ಟವಾಗಿ ಕೇಳಿಸಬೇಕು. ಅದಕ್ಕೆ ತಕ್ಕ ಹೆಡ್‌ಸೆಟ್ ಮಾಡಿಕೊಡುವುದು ನನ್ನ ಉದ್ಯೋಗವಾಗಿತ್ತು. ಮದುವೆಯಾದವರು ಗಂಡನ ಜೊತೆ ಜಗಳ ಆಡುತ್ತಾರೆ. ನಾನು ಮದುವೆಯಾಗಲಿಲ್ಲ, ಗದ್ದಲದ ಜೊತೆ ಜಗಳ ಆಡಿದೆ.

ಆ ಕೆಲಸ ನನ್ನಿಂದ ಒಂದನ್ನು ಕಿತ್ತುಕೊಂಡಿತು. ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯ ಕ್ರೈಸ್ತ ಮನೆತನದಲ್ಲಿ. ನಮ್ಮ ಹಳೆಯ ದೇವಾಲಯದಲ್ಲಿ ಕರ್ತನ ಭೋಜನದ ಭಾನುವಾರ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ದಿನ, ಚಪ್ಪಲಿಗಳೆಲ್ಲ ಹೊರಗೆ ಸಾಲಾಗಿ ಬಿದ್ದಿರುತ್ತಿದ್ದವು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಕೂಡುತ್ತಿದ್ದರು. ಅಯ್ಯನವರು, ಅಂದರೆ ನಮ್ಮ ಪಾದ್ರಿ, ರೊಟ್ಟಿಯನ್ನು ಕೈಗೆತ್ತಿಕೊಂಡರೆಂದರೆ ಅಷ್ಟು ಮಂದಿ ಒಮ್ಮೆಗೇ ಗಪ್ಪಾಗುತ್ತಿದ್ದರು. ಜೋರಾಗಿ ಉಸಿರು ಬಿಟ್ಟರೆ ದೇವರು ತಿರುಗಿ ನನ್ನತ್ತ ನೋಡಿಬಿಡುತ್ತಾನೆ ಎಂದು ನಾನು ಉಸಿರು ಬಿಗಿಹಿಡಿದು ಕೂಡುತ್ತಿದ್ದೆ. ನೋಡಲಿ ಎಂಬ ಆಸೆಯೂ ಒಳಗೊಳಗೇ ಇತ್ತು. ಅದಕ್ಕೆ ನಮ್ಮ ಹಿರಿಯರು ಭಯಭಕ್ತಿ ಎನ್ನುತ್ತಿದ್ದರು.

ಕಿವಿ ಪಳಗಿದ ಮೇಲೆ ಅದೆಲ್ಲ ಹೋಯಿತು. ಯಾವ ಚರ್ಚಿಗೆ ಹೋದರೂ ನನಗೆ ಮೊದಲು ಕೇಳಿಸುವುದು ಸ್ಪೀಕರಿನ ಗುಂಯ್‌ಗುಡುವಿಕೆ. ಪ್ರಾರ್ಥನೆ ಮುಗಿಸಿ ಬಂದ ಮೇಲೆ ದೇವರು ಅಲ್ಲಿದ್ದನೋ ಇಲ್ಲವೋ ಹೇಳಲಾರೆ, ಸ್ಪೀಕರಿನ ವೈರಿಗೆ ಅರ್ಥಿಂಗ್ ಸರಿ ಇರಲಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲವಳಾಗಿದ್ದೆ. ಬರಬರುತ್ತ ಹೋಗುವುದನ್ನೇ ಬಿಟ್ಟೆ. ಆದರೆ ಆ ಉಸಿರು ಬಿಗಿಹಿಡಿದ ಹುಡುಗಿ ಮಾತ್ರ ನನ್ನನ್ನು ಬಿಡಲಿಲ್ಲ. ಆಕೆಯ ಮೇಲೆ ನನಗೆ ಬಹಳ ಹೊಟ್ಟೆಕಿಚ್ಚು.

ಅಂಥ ದಿನಗಳಲ್ಲಿ ಜಯಪಾಲ್ ಎಂಬಾತ ನನ್ನ ಮನೆಗೆ ಬಂದ. ಹುಬ್ಬಳ್ಳಿ ಕಡೆಯವನು, ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ. ನಾಚಾರಂ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಹಳೆಯ ತಗಡಿನ ಷೆಡ್ಡಿನಲ್ಲಿ ಕನ್ನಡದ ಸಣ್ಣ ಸಭೆಯೊಂದು ಆರಾಧನೆ ನಡೆಸುತ್ತಿತ್ತು. ಅದಕ್ಕೆ ಈತ ಸೆಕ್ರೆಟರಿ.

“ಮೇಡಂ, ಮಂದಿ ಕರಗಾಕತ್ತಾರ್ರಿ. ಹುಡುಗೂರೆಲ್ಲಾ ತೆಲುಗು ಮಂದಿ ದೊಡ್ಡ ದೊಡ್ಡ ಸಭಾಕ್ಕ ಓಡ್ತಾವ. ಅಲ್ಲಿ ಸೌಂಡ್ ಹೊಡದ್ರ ಮೈ ಝುಮ್ ಅಂತೈತಿ. ನಮ್ಮಲ್ಲಿ ಅಯ್ನೋರ ಮಾತು ಎರಡನೇ ಸಾಲಿಗೆ ಮುಟ್ಟೂದಿಲ್ಲ. ನೀವು ಒಂದ್ ಸಿಸ್ಟಮ್ ಕೂಡಿಸಿ ಕೊಡ್ರಿ.”

“ಮೈ ಝುಮ್ ಅನಬೇಕಾ, ಮಾತು ಕೇಳಬೇಕಾ? ಎರಡೂ ಬ್ಯಾರೆ ಬ್ಯಾರೆ ಕೆಲಸ,” ಎಂದೆ.

“ಎರಡೂ ಬೇಕ್ರಿ,” ಎಂದ ಪುಣ್ಯಾತ್ಮ. ಆಮೇಲೆ ದನಿ ತಗ್ಗಿಸಿ ಅಸಲು ವಿಷಯ ಹೇಳಿದ. ಈಸ್ಟರ್ ಹಬ್ಬದ ಹೊತ್ತಿಗೆ ಮಂದಿ ನಿಲ್ಲದಿದ್ದರೆ ಷೆಡ್ ಬಿಟ್ಟುಕೊಟ್ಟು, ಸಭೆಯನ್ನು ಒಂದು ದೊಡ್ಡ ತೆಲುಗು ಚರ್ಚಿನೊಳಗೆ ಸೇರಿಸಿಬಿಡುವುದೆಂದು ಕಮಿಟಿ ತೀರ್ಮಾನ ಮಾಡಿತ್ತು.

ಮರುದಿನ ಷೆಡ್ ನೋಡಲು ಹೋದೆ. ಮೇಲೆ ತಗಡು, ಕೆಳಗೆ ಟೈಲ್ಸ್, ಎರಡು ಕಡೆ ಎದುರುಬದುರು ಬೋಳು ಗೋಡೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ಸದ್ದು ಗೋಡೆಯಿಂದ ಗೋಡೆಗೆ ಪಟಪಟ ಬಡಿದುಕೊಂಡು ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ಸಾಯಲಿಲ್ಲ. ಒಂದು ಸದ್ದು ಸಾಯಲು ತೆಗೆದುಕೊಳ್ಳುವ ಸಮಯಕ್ಕೆ ನಮ್ಮ ಭಾಷೆಯಲ್ಲಿ ರಿವರ್ಬರೇಶನ್ ಟೈಮ್ ಎನ್ನುತ್ತಾರೆ. ಮಾತಿಗೆ ಒಂದು ಸೆಕೆಂಡು ಸಾಕು. ಮೂರು ಸೆಕೆಂಡು ಉಳಿದರೆ ಹಿಂದಿನ ಪದ ಸಾಯುವ ಮೊದಲೇ ಮುಂದಿನದು ಅದರ ಮೈಮೇಲೆ ಬಂದು ಬೀಳುತ್ತದೆ. ಅಂಥ ಕಡೆ ಸ್ಪೀಕರ್ ಹೆಚ್ಚಿಸುವುದೆಂದರೆ ಬೆಂಕಿಗೆ ಎಣ್ಣೆ ಹೊಯ್ದಂತೆಯೇ.

ಸಾಲದ್ದಕ್ಕೆ ಪಕ್ಕದ ಗೋಡೆಯಾಚೆ ಒಂದು ಏರ್ ಕಂಪ್ರೆಸರ್ ಎಡೆಬಿಡದೆ ಹೊಡೆದುಕೊಳ್ಳುತ್ತಿತ್ತು. “ಅದೇನು?” ಎಂದೆ. “ರೆಡ್ಡಿಗಾರು ಯೂನಿಟ್ ಮೇಡಂ. ಭಾನುವಾರ ಸೈತ ಬಂದ್ ಮಾಡೂದಿಲ್ಲ ಆ ಮನಶ್ಯಾ,” ಎಂದು ಜಯಪಾಲ್ ಮುಖ ಸಿಂಡರಿಸಿದ.

ಸಭಾಪಾಲಕರು ರೆವರೆಂಡ್ ಕರುಣಾಕರ. ತೆಳ್ಳಗಿನ ಮನುಷ್ಯ, ಮಾತು ಅದಕ್ಕಿಂತ ತೆಳ್ಳಗೆ. ನಿಮಗೇನು ಬೇಕು ಎಂದು ಕೇಳಿದರೆ ಬಹಳ ಹೊತ್ತು ಯೋಚಿಸಿ, “ಭಯಭಕ್ತಿ ಬರೂಹಂಗ ಆದ್ರ ಸಾಕ್ರಿ,” ಎಂದರು. ನನ್ನ ವೃತ್ತಿಜೀವನದಲ್ಲಿ ಎಂತೆಂಥದೋ ಸ್ಪೆಸಿಫಿಕೇಶನ್ ನೋಡಿದ್ದೇನೆ, ಇಂಥದನ್ನು ನೋಡಿರಲಿಲ್ಲ.

ಆ ದಿನ ಅಲ್ಲಿ ಕುರ್ಚಿ ಒರೆಸುತ್ತಿದ್ದ ಒಬ್ಬ ಮುದುಕಿ ನನ್ನ ಮಾತಿನ ಧಾಟಿ ಕೇಳಿ ಹತ್ತಿರ ಬಂದಳು. ಶಾಂತವ್ವ ಎಂದು ಹೆಸರು. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಬಂದವಳು, ಗಂಡ ಹೋದ ಮೇಲೂ ಇಲ್ಲೇ ಉಳಿದವಳು.

“ಬೆಟಗೇರಿಯಾಕೆ ಏನವಾ ನೀ?”

“ಹೌದ್ರಿ.”

“ಹಂಗಾರ ನಿನಗ ತಿಳೀತೈತಿ,” ಎಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. “ಇವರು ನನ್ನ ತೆಲುಗು ಚರ್ಚಿಗೆ ಕಳಸ್ತಾರಂತ. ತೆಲುಗಿನ್ಯಾಗ ನಾ ಹಾಡ್ತೀನಿ. ಹಿಂದಿಯೊಳಗ ಬಜಾರ ಮಾಡ್ತೀನಿ. ಆದ್ರ ದೇವರ ಮುಂದ ಗಪ್ ಕೂಡ್ರೂದು ನನಗ ಕನ್ನಡದಾಗ ಅಷ್ಟ ಬರತೈತಿ.”

ಗಪ್ ಕೂಡಲು ಭಾಷೆ ಯಾಕೆ ಬೇಕು ಎಂದು ನಗಬೇಕೆನಿಸಿತು. ನಗು ಬರಲಿಲ್ಲ. ಬೆಟಗೇರಿಯ ಆ ಸದ್ದಿಲ್ಲದ ಗಳಿಗೆ ಕನ್ನಡದ್ದೇ ಆಗಿತ್ತು ಎಂದು ನನಗೂ ಗೊತ್ತಿತ್ತು. ಅಯ್ಯನವರ ಕೊನೆಯ ಕನ್ನಡದ ಮಾತು ಗಾಳಿಯಲ್ಲಿ ಇನ್ನೂ ಇರುವಾಗ ಬರುತ್ತಿದ್ದ ಮೌನ ಅದು. ಬೇರೆ ಮಾತಿನ ಬೆನ್ನಿಗೆ ಬರುವ ಮೌನವೇ ಬೇರೆ.

ಕೆಲಸ ಒಪ್ಪಿಕೊಂಡೆ. ಮೊದಲು ಗೋಡೆಗಳಿಗೆ ತೆಂಗಿನ ನಾರಿನ ಹಲಗೆ ಹೊಡೆಸಿ ಮೇಲೆ ಗೋಣಿಬಟ್ಟೆ ಎಳೆಸಿದೆ. ತಗಡಿನ ಕೆಳಗೂ ಅದೇ. ಸದ್ದು ಸಾಯುವ ಸಮಯ ಒಂದು ಸೆಕೆಂಡಿನ ಹತ್ತಿರಕ್ಕೆ ಇಳಿಯಿತು. ಆಮೇಲೆ ಪರಿಚಯದ ಡೀಲರ್ ಒಬ್ಬನಿಂದ ಒಂದು ಒಳ್ಳೆಯ ಸಿಸ್ಟಮ್ಮನ್ನು ಪ್ರಯೋಗಕ್ಕೆಂದು ತರಿಸಿದೆ. ಅದರಲ್ಲಿ ಎರಡು ದೊಡ್ಡ ಸಬ್‌ವೂಫರ್ ಇದ್ದವು. ಇವು ತೀರ ಕೆಳಸ್ಥಾಯಿಯ ಸದ್ದು ಮಾಡುವ ಸ್ಪೀಕರುಗಳು. ಮೂವತ್ತು ಹರ್ಟ್ಸ್‌ನಷ್ಟು ಕೆಳಗಿನ ಸದ್ದು ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಎದೆಗೂಡಿಗೆ ತಾಗುತ್ತದೆ. ಕೇಳುವವನಿಗೆ ಸದ್ದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ, ಮೈಮೇಲಿನ ಕೂದಲು ಮಾತ್ರ ಏಳುತ್ತದೆ. ಜೊತೆಗೆ, ತಗಡಿನ ಷೆಡ್ಡನ್ನು ಕಲ್ಲಿನ ಮಹಾಮಂದಿರದಂತೆ ಕೇಳಿಸುವ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಇತ್ತು. ಭಯಭಕ್ತಿ ಬೇಕೆಂದಿದ್ದರಲ್ಲ, ನನ್ನ ಶಾಸ್ತ್ರದಲ್ಲಿ ಅದಕ್ಕೆ ಹತ್ತಿರದ್ದು ಇದೇ.

ಪ್ರಯೋಗದ ಭಾನುವಾರ ಕೀಬೋರ್ಡಿನ ಕೆಳಸ್ವರ ಎದ್ದಿತು. ಕುರ್ಚಿಗಳು ನಡುಗಿದವು. ಮೂರನೇ ಸಾಲಿನ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅತ್ತಳು. ಹುಡುಗರು ಕಣ್ಣು ಮುಚ್ಚಿ ಕೈ ಎತ್ತಿದರು. ಜಯಪಾಲ್ ನನ್ನ ಕಡೆ ತಿರುಗಿ, “ಬಂತ್ ನೋಡ್ರಿ!” ಎಂದು ಕಣ್ಣಲ್ಲೇ ಕುಣಿದ. ನಾನೂ ಕಾದೆ. ನನಗೇನೂ ಬರಲಿಲ್ಲ. ಸ್ವಿಚ್ಚು ನನ್ನ ಕೈಯಲ್ಲೇ ಇತ್ತಲ್ಲ, ಅಡಿಗೆ ಮಾಡಿದವಳಿಗೆ ಹಸಿವೆಲ್ಲಿಂದ ಬರಬೇಕು.

ಆರಾಧನೆ ಮುಗಿದ ಮೇಲೆ ಶಾಂತವ್ವ ಎದೆ ಹಿಡಿದುಕೊಂಡು ಬಂದಳು. “ಯವ್ವಾ, ಪ್ರಾರ್ಥನಾದಾಗ ಎದಿ ಡಬಡಬ ಅನ್ನಾಕತ್ತಿತ್ತು. ಬಿ.ಪಿ. ಏರೇತೇನ? ಗುಳಿಗಿ ತಗೊಳ್ಳೋದ ಮರತೇನಿ ಅಂತ ಕಾಣತೈತಿ.”

ಅಯ್ಯನವರು ಪಕ್ಕದಲ್ಲೇ ನಿಂತಿದ್ದರು. ಶಾಂತವ್ವನಿಗೆ ನೀರು ಕೊಟ್ಟು ಕೂಡಿಸಿ, ನನ್ನನ್ನು ನೋಡಿ ಒಂದೇ ಮಾತು ಕೇಳಿದರು: “ಮಶೀನ್ ಬಂದ್ ಮಾಡಿದ ಮ್ಯಾಲೆ ಎಷ್ಟ್ ಹೊತ್ತು ಉಳೀತೈತ್ರಿ ಇದು?”

ಅದೇ ಹೊತ್ತಿಗೆ ಬಾಗಿಲಲ್ಲಿ ರೆಡ್ಡಿಗಾರು ಬಂದು ನಿಂತರು. ಪಕ್ಕದ ಯೂನಿಟ್ಟಿನ ಮಾಲೀಕ, ದಪ್ಪ ಮೀಸೆ, ಮುಖ ಕೆಂಪಗೆ. ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಅವರು ಕೂಗಿದ್ದರ ಸಾರ ಇಷ್ಟು: “ನಿಮ್ಮ ದೇವರು ನನ್ನ ಮುಳ್ಳು ಅಲ್ಲಾಡಿಸ್ತಾ ಇದ್ದಾನೆ!”

ಏನು ಮುಳ್ಳು ಎಂದು ನೋಡಲು ಅವರ ಯೂನಿಟ್ಟಿಗೆ ಹೋದೆ. ಅಲ್ಲಿ ನಡೆಯುತ್ತಿದ್ದದ್ದು ಅಳತೆಯ ಕೆಲಸ. ಯಂತ್ರದ ಬಿಡಿಭಾಗಗಳ ರಂಧ್ರ ಸರಿಯಾಗಿದೆಯೇ ಎಂದು ಒತ್ತಡದ ಗಾಳಿ ಹಾಯಿಸಿ ಮೈಕ್ರಾನ್ ಲೆಕ್ಕದಲ್ಲಿ ನೋಡುತ್ತಿದ್ದರು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಂಪ್ರೆಸರ್ ಓಡುತ್ತಿದ್ದದ್ದು ಆ ಗಾಳಿಗಾಗಿ. ನಾನು ಫೋನಿನಲ್ಲಿ ಜಯಪಾಲನಿಗೆ ಸಬ್‌ವೂಫರ್ ಹಾಕಲು ಹೇಳಿದೆ. ಗೋಡೆಯಾಚೆ ಸ್ವರ ಎದ್ದಂತೆ ಅಳತೆಯ ಮೀಟರಿನ ಗಾಜಿನೊಳಗಿನ ಮುಳ್ಳು ಥರಥರ ನಡುಗಿತು. ನಾನು ಎಬ್ಬಿಸಿದ್ದ ಭಯಭಕ್ತಿಯ ಅಳತೆ ಅಲ್ಲಿ ಕಣ್ಣಮುಂದೆಯೇ ಇತ್ತು. ಬಂದ್ ಮಾಡಿ ಎಂದೆ. ಮುಳ್ಳು ಸುಮ್ಮನಾಯಿತು. ಅಯ್ಯನವರ ಪ್ರಶ್ನೆಗೆ ಉತ್ತರವೂ ಸಿಕ್ಕಿತು.

“ಎಸ್ಟೇಟ್ ಅಸೋಸಿಯೇಷನ್ನಿಗೆ ದೂರು ಕೊಡ್ತೀನಿ, ನಿಮ್ಮ ಷೆಡ್ ಖಾಲಿ ಮಾಡಿಸ್ತೀನಿ,” ಎಂದರು ರೆಡ್ಡಿಗಾರು.

“ಕೊಡುವುದು ಬೇಡ. ಆ ಎರಡು ಪೆಟ್ಟಿಗೆ ಇವತ್ತೇ ವಾಪಸ್ ಹೋಗ್ತಾವೆ,” ಎಂದೆ.

ಅವರಿಗೆ ಜಗಳ ಇಷ್ಟು ಬೇಗ ಮುಗಿದದ್ದು ನಿರಾಸೆಯಾಯಿತೆಂದು ಕಾಣುತ್ತದೆ. ಚಹಾ ತರಿಸಿದರು. ಚಹಾ ಕುಡಿಯುತ್ತ ನಾನು ಕಂಪ್ರೆಸರ್ ಕಡೆ ಬೆರಳು ತೋರಿಸಿ, “ಈಸ್ಟರಿಗೆ ಮುಂಚಿನ ಶುಭ ಶುಕ್ರವಾರ, ಗುಡ್ ಫ್ರೈಡೇ ಮಧ್ಯಾಹ್ನ, ನಮ್ಮಲ್ಲಿ ಕರ್ತನ ಭೋಜನ. ಆಗ ಒಂದು ತಾಸು ಇದನ್ನು ನಿಲ್ಲಿಸುತ್ತೀರಾ?” ಎಂದು ಕೇಳಿದೆ. ಅದು ನಿಂತರೆ ಅವರ ಇಡೀ ಕೆಲಸ ನಿಲ್ಲುತ್ತದೆಂದು ತಿಳಿದೇ ಕೇಳಿದ್ದೆ. ಅವರು ಮೀಸೆ ತಿರುವಿದರು. “ಮುಗಿದ ಕೂಡಲೇ ಹೇಳಿ ಕಳಿಸಬೇಕು,” ಎಂದರು.

ಜಯಪಾಲನಿಗೆ ಸಿಟ್ಟು ನೆತ್ತಿಗೇರಿತ್ತು. “ಇದ್ದ ಸೌಂಡೂ ತಗದ್ರಿ. ಈಸ್ಟರ್ ಎದುರಿಗೈತಿ, ಇನ್ನ ನಾ ಮಂದಿನ ಹೆಂಗ ಹಿಡೀಲಿ?” ಎಂದು ಕೇಳಿದ. ಆತನ ಸಂಕಟ ಸುಳ್ಳಲ್ಲ. ಶಾಂತವ್ವ ಎಲ್ಲಿ ಹೋಗಿ ಕೂಡುತ್ತಾಳೆಂಬ ಚಿಂತೆ ಆತನಿಗೂ ಇತ್ತು. ಅಯ್ಯನವರೇ ಉತ್ತರ ಕೊಟ್ಟರು: “ಒಂದ್ ಸಲ ಗಪ್ ಕೂತು ನೋಡೋಣ ಜಯಪಾಲ. ಹೋಗೂದಾದ್ರ ಹಂಗ ಕೂತು ಹೋಗೋಣ.”

ಆ ಶುಕ್ರವಾರಕ್ಕೆ ನಾನು ಮಾಡಿದ ತಯಾರಿಯೆಲ್ಲ ತೆಗೆಯುವ ಕೆಲಸವೇ. ಕರಕರ ಎನ್ನುವ ಕುರ್ಚಿಗಳ ಕಾಲಿಗೆ ರಬ್ಬರ್ ಹಾಕಿಸಿದೆ. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟೆ. ಡ್ರಮ್ಮುಗಳಿಗೆ ಹೊದಿಕೆ ಹೊದಿಸಿದೆ. ಕೊನೆಗೆ ಮೈಕನ್ನೂ ತೆಗೆದೆ. ಅಂಥ ಗೋಡೆಗಳ ನಡುವೆ ಅಷ್ಟು ಮಂದಿಗೆ ಮೈಕು ಬೇಕಿರಲಿಲ್ಲ. ತೆಳ್ಳಗಿನ ದನಿಯಾದರೂ ಹಿಂದಿನ ಗೋಡೆಯವರೆಗೆ ಮುಟ್ಟುತ್ತಿತ್ತು, ಕೇಳುವವರು ಸ್ವಲ್ಪ ಮುಂದಕ್ಕೆ ಬಾಗಬೇಕಿತ್ತು ಅಷ್ಟೇ.

ಜನ ಬಾಗಿದರು. ಮೈಕಿಲ್ಲದ ಅಯ್ಯನವರನ್ನು ಕೇಳಲು ಇಡೀ ಸಭೆ ಮುಂದಕ್ಕೆ ಬಾಗಿ ಕೂತಿತ್ತು. ಕರ್ತನ ಭೋಜನಕ್ಕೆ ಮುಂಚೆ ಅವರು ಫ್ಯಾನ್ ಬಂದ್ ಮಾಡಲು ಸನ್ನೆ ಮಾಡಿದರು. ತಗಡಿನಡಿಯ ಬಿಸಿಲುಗಾಲ, ಬೆನ್ನಿನಿಂದ ಬೆವರು ಹರಿಯತೊಡಗಿತು. ಒಬ್ಬ ಕೆಮ್ಮಿದ. ಯಾರದೋ ಫೋನ್ ಕುಂಯ್ ಎಂದಿತು. ಯಾವುದೋ ಹುಡುಗಿ ಕಿಸಕ್ಕೆಂದು ನಕ್ಕು ತಾಯಿಯಿಂದ ಚಿವುಟಿಸಿಕೊಂಡಳು. ಸುಮ್ಮನೆ ಕೂಡುವುದು ಜನರಿಗೆ ಮರೆತೇಹೋಗಿತ್ತು.

ಅಷ್ಟರಲ್ಲಿ ಕಂಪ್ರೆಸರ್ ನಿಂತಿತು.

ನಿರಂತರವಾಗಿರುವ ಸದ್ದು ಇರುವಾಗ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. ಇದು ನಮ್ಮ ಶಾಸ್ತ್ರದ ಮೊದಲ ಪಾಠ. ಆದರೆ ಒಂದು ಇಡೀ ಸಭೆಗೆ ಅದು ಒಮ್ಮೆಗೇ ಗೊತ್ತಾಗುವುದನ್ನು ನಾನು ನೋಡಿರಲಿಲ್ಲ. ತಲೆಗಳೆಲ್ಲ ಒಟ್ಟಿಗೇ ಮೇಲೆದ್ದವು, ಯಾರೋ ಒಳಗೆ ಬಂದಾಗ ಏಳುವಂತೆ. ಅಯ್ಯನವರು ರೊಟ್ಟಿಯನ್ನು ಎತ್ತಿಕೊಂಡರು. “ಕರ್ತನೇ,” ಎಂದರು. ಮುಂದಿನ ಮಾತು ಅವರಿಗೆ ಬರಲಿಲ್ಲ. ರೊಟ್ಟಿ ಮುರಿದ ಸದ್ದು ಕೊನೆಯ ಸಾಲಿನಲ್ಲಿದ್ದ ನನಗೆ ಕೇಳಿಸಿತು. ಶಾಂತವ್ವ ಕಾಲಿನಿಂದಲೇ ಚಪ್ಪಲಿ ಕಳಚಿ ಕುರ್ಚಿಯಡಿ ಸರಿಸಿದಳು. ಆಕೆಯ ಪಕ್ಕದವಳು ನೋಡಿ ತಾನೂ ಕಳಚಿದಳು. ನಾನು ಉಸಿರು ಬಿಗಿಹಿಡಿದಿದ್ದೇನೆಂದು ನನಗೆ ಬಹಳ ಹೊತ್ತಿನ ಮೇಲೆ ತಿಳಿಯಿತು. ಕಣ್ಣು ತುಂಬಿ ಬಂದಿತ್ತು. ಸದ್ದು ಅಳೆಯುವ ಮೀಟರು ಚೀಲದಲ್ಲೇ ಉಳಿದಿತ್ತು. ಆ ಮೌನ ಎಷ್ಟು ಡೆಸಿಬೆಲ್ ಇತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬಾಗಿಲಲ್ಲಿ ನೆರಳು ಬಿತ್ತು. ರೆಡ್ಡಿಗಾರು. ಒಳಗೆ ಒಂದಿಷ್ಟೂ ಸದ್ದಿಲ್ಲದ್ದರಿಂದ, ಎಲ್ಲರೂ ಮನೆಗೆ ಹೋಗಿದ್ದಾರೆ, ತನಗೆ ಹೇಳಿ ಕಳಿಸಲು ಮರೆತಿದ್ದಾರೆ ಎಂದುಕೊಂಡು ಬೈಯಲೆಂದೇ ಬಂದಿದ್ದರು. ಬಾಗಿಲು ತೆಗೆದರೆ ಸಭೆ ತುಂಬ ಜನ. ಹೊಸ್ತಿಲಲ್ಲೇ ನಿಂತರು. ಮೆಲ್ಲಗೆ ಬೂಟು ಬಿಚ್ಚಿದರು. ಕೈಕಟ್ಟಿಕೊಂಡು ಗೋಡೆಗೊರಗಿ ಕೊನೆಯವರೆಗೆ ನಿಂತರು. ಆರಾಧನೆಯ ಕೊನೆಯ ಆಶೀರ್ವಾದವಾದ ಮೇಲೂ ಕಂಪ್ರೆಸರ್ ಶುರುಮಾಡಲು ಅವಸರ ಮಾಡಲಿಲ್ಲ.

ಹೊರಗೆ ಬಂದಾಗ ನನಗೆ ಹೇಳಿದರು: “ಯಾರೂ ಇಲ್ಲ ಅಂದುಕೊಂಡು ಬಂದೆ ಮೇಡಂ. ಬಾಗಿಲು ತೆಗೆದ ಮೇಲೆ, ನೀವಷ್ಟೇ ಅಲ್ಲ, ಇನ್ನೂ ಯಾರೋ ಇದ್ದಾರೆ ಅನ್ನಿಸಿತು.”

ಅಲ್ಲಿಗೆ ಕಥೆ ಸುಖಾಂತ್ಯವಾಯಿತೆಂದು ಬರೆಯಬಹುದಿತ್ತು. ಆಗಲಿಲ್ಲ. ಈಸ್ಟರ್ ಬಂತು, ಮಂದಿ ಹೆಚ್ಚಲಿಲ್ಲ. ಕಮಿಟಿಯಲ್ಲಿ ಜಯಪಾಲ್ ಒಬ್ಬನೇ ಷೆಡ್ ಬಿಡುವುದು ಬೇಡವೆಂದು ಹಟ ಹಿಡಿದ. “ಆ ಶುಕ್ರವಾರ ನೀವೂ ಇದ್ರೆಲ್ರೀ!” ಎಂದು ಎಲ್ಲರ ಮುಖ ನೋಡಿದನಂತೆ. ಇದ್ದದ್ದು ನಿಜ, ಚೆನ್ನಾಗಿತ್ತು ಎಂದೂ ಒಪ್ಪಿದರು, ಆದರೂ ಕೈ ಎತ್ತಿದ್ದು ಸೇರಿಸಿಬಿಡುವ ಪರವಾಗಿಯೇ. ಅಯ್ಯನವರಿಗೆ ಬೇರೆ ಊರಿಗೆ ವರ್ಗವಾಯಿತು. ಕನ್ನಡದವರಿಗೆ ತಿಂಗಳಿಗೊಂದು ಭಾನುವಾರ ಆ ದೊಡ್ಡ ತೆಲುಗು ಚರ್ಚಿನ ಪಕ್ಕದ ಕೋಣೆ ಕೊಟ್ಟರು. ಅವರು ಒಳ್ಳೆಯ ಜನ, ಕರೆದು ಕೂಡಿಸುತ್ತಾರೆ, ಊಟ ಹಾಕುತ್ತಾರೆ. ಗೋಡೆಯಾಚೆಯಿಂದ ಅವರ ಸಬ್‌ವೂಫರ್ ನಮ್ಮ ಪ್ರಾರ್ಥನೆಯ ಉದ್ದಕ್ಕೂ ಗುಮ್ಮೆನ್ನುತ್ತಿರುತ್ತದೆ. ನಾನೀಗ ತಪ್ಪದೆ ಹೋಗುತ್ತೇನೆ, ಶಾಂತವ್ವನ ಪಕ್ಕದಲ್ಲಿ ಕೂಡುತ್ತೇನೆ. ಆಶೀರ್ವಾದವಾದ ಮೇಲೆ ಎಲ್ಲರೂ ಎದ್ದರೂ ನಾವಿಬ್ಬರೂ ಏಳುವುದಿಲ್ಲ. ಆ ಶುಕ್ರವಾರದ್ದು ಮತ್ತೆ ಬರುತ್ತದೇನೋ ಎಂದು ಕಾಯುತ್ತೇವೆ. ಒಮ್ಮೆಯೂ ಬಂದಿಲ್ಲ.

ನನ್ನ ಉದ್ಯೋಗ ನನಗೆ ಕಲಿಸಿದ್ದನ್ನು ಕೇಳಿದರೆ ಇಷ್ಟು ಹೇಳಬಲ್ಲೆ. ಸದ್ದನ್ನು ತೆಗೆಯಬಹುದು, ಅದು ವಿದ್ಯೆ. ತೆಗೆದ ಜಾಗದಲ್ಲಿ ಬಂದು ಕೂಡುವವನನ್ನು ಕರೆತರುವ ವಿದ್ಯೆ ನನ್ನ ಹತ್ತಿರ ಇಲ್ಲ, ಯಾರ ಹತ್ತಿರವೂ ಇಲ್ಲ. ಜಾಗ ತೆರವು ಮಾಡಿ ಬಾಗಿಲಿಗೆ ಎಣ್ಣೆ ಬಿಟ್ಟು ಕಾಯಬೇಕು.

ಹೋದ ವರ್ಷದ ಶುಭ ಶುಕ್ರವಾರ ಶಾಂತವ್ವ ಹಟ ಹಿಡಿದಳು: “ಒಮ್ಮಿ ಆ ಷೆಡ್ ತೋರಿಸಿಕೊಂಡು ಬಾರವಾ.” ಆಟೋ ಮಾಡಿಕೊಂಡು ಹೋದೆವು. ಷೆಡ್ಡಿಗೆ ಬೀಗ, ಒಳಗೆ ಯಾರದೋ ರಟ್ಟಿನ ಪೆಟ್ಟಿಗೆಗಳ ಗೋದಾಮು. ಪಕ್ಕದಲ್ಲಿ ಕಂಪ್ರೆಸರ್ ಹಳೆಯಂತೆಯೇ ಹೊಡೆದುಕೊಳ್ಳುತ್ತಿತ್ತು. ನೋಡಲು ಏನೂ ಇರಲಿಲ್ಲ. ತಿರುಗಿ ಹೋಗೋಣವೆಂದು ಆಟೋ ಕಡೆ ಹೆಜ್ಜೆ ಹಾಕಿದ್ದೆವು. ಆಗ ಕಂಪ್ರೆಸರ್ ನಿಂತಿತು.

ಕರೆಂಟು ಹೋಯಿತೆಂದುಕೊಂಡೆ. ರೆಡ್ಡಿಗಾರು ಹೊರಗೆ ಬಂದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮನ್ನು ಕಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಕ್ಕರು. “ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿ ಇರುತ್ತದಲ್ಲ ಮೇಡಂ. ಪ್ರತಿ ವರ್ಷ ಒಂದು ತಾಸು ನಿಲ್ಲಿಸ್ತೀನಿ. ನನ್ನ ಹುಡುಗರಿಗೆ ಮಶೀನಿಗೆ ರೆಸ್ಟ್ ಅಂತ ಹೇಳಿದೀನಿ.”

“ಒಳಗ ಯಾರೂ ಇಲ್ಲಲ್ರಿ ಈಗ,” ಎಂದಳು ಶಾಂತವ್ವ. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ.

ಅವರು ಬೀಗ ಹಾಕಿದ ಬಾಗಿಲ ಕಡೆ ನೋಡಿದರು. “ಆವತ್ತೂ ನಾನು ಹಾಗೇ ಅಂದುಕೊಂಡಿದ್ದೆ,” ಎಂದರು.

ಶಾಂತವ್ವ ಅಲ್ಲೇ, ಮಟಮಟ ಮಧ್ಯಾಹ್ನದ ಸಿಮೆಂಟು ರಸ್ತೆಯ ಮೇಲೆ, ಚಪ್ಪಲಿ ಕಳಚಿದಳು.

“ಕಾಲು ಸುಡತಾವು ಶಾಂತವ್ವ.”

“ಸುಡ್ಲಿ ಬಿಡವಾ,” ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು. “ನೀ ಗಪ್ ನಿಂದ್ರು.”

ನಾನೂ ಚಪ್ಪಲಿ ಬಿಟ್ಟು ಗಪ್ ನಿಂತೆ.